ಮಾಡಿದವರು ಮತ್ತು ಬಡಿಸಿದವರು

'ಅಡಿಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು' ಎಂದು ನಮ್ಮಲ್ಲೊಂದು ಗಾದೆಯುಂಟು. ಇದನ್ನು ಕಟ್ಟಿದವರು ಹೊಗಳಿಕೆಯಾಗಿ ಹೇಳಿದರೋ, ದೂರಾಗಿ ಹೇಳಿದರೋ ತಿಳಿಯುವುದು ಕಷ್ಟ. ಮದುವೆಯ ಮನೆಯಲ್ಲಿ ಬೆಳಗಿನ ಜಾವದಿಂದ ಒಲೆಯ ಮುಂದೆ ಕುಳಿತು ಹೊಗೆ ಕುಡಿದವಳ ಮುಖವನ್ನು ಪಂಕ್ತಿಯಲ್ಲಿ ಕುಳಿತವರು ಕಾಣುವುದಿಲ್ಲ. ತುಪ್ಪದ ಗಿಂಡಿಯನ್ನು ಹಿಡಿದು ನಗುನಗುತ್ತ ಬಂದವಳ ಮುಖವನ್ನು ಕಾಣುತ್ತಾರೆ. ಉಂಡವರ ಹರಕೆ ಕಣ್ಣಿಗೆ ಕಂಡವಳಿಗೇ ಸಲ್ಲುತ್ತದೆ. ಇದು ನ್ಯಾಯವೇ ಎಂದು ಕೇಳಿದರೆ, ಅಲ್ಲವೆಂದು ಎಲ್ಲರೂ ಹೇಳಿಯಾರು. ಆದರೆ ಬಡಿಸುವವಳು ಇಲ್ಲದಿದ್ದರೆ ಅನ್ನವೆಲ್ಲ ತಪ್ಪಲೆಯಲ್ಲಿಯೇ ಆರಿಹೋಗುತ್ತಿತ್ತಲ್ಲ ಎಂದು ಮರುಪ್ರಶ್ನೆ ಹಾಕಿದರೆ ಉತ್ತರ ಅಷ್ಟು ಸುಲಭವಾಗಿ ಬಾರದು.

ಈ ಗಾದೆ ಮತ್ತೆ ನನ್ನ ನೆನಪಿಗೆ ಬಂದುದು ಒಂದು ಇಂಗ್ಲಿಷ್ ಚಿತ್ರವನ್ನು ನೋಡಿದಾಗ. ಹೆಸರು 'ದಿ ಫೌಂಡರ್', ಎಂದರೆ 'ಸಂಸ್ಥಾಪಕ'. 2016ರ ಚಿತ್ರ, ನಿರ್ದೇಶಕ ಜಾನ್ ಲೀ ಹ್ಯಾನ್‌ಕಾಕ್. ಒಂದು ಭಾನುವಾರ ಪಾರ್ವತಿನಗರದ ನಮ್ಮ ಮನೆಗೆ ಬಂದಿದ್ದ ನಾಲ್ಕಾರು ಮಂದಿ ವಿದ್ಯಾರ್ಥಿಗಳ ಜೊತೆಯಲ್ಲಿ ಅದನ್ನು ನೋಡಿದೆ. ಹೊರಗೆ ಬಳ್ಳಾರಿಯ ಬಿಸಿಲು. ಒಳಗೆ ಕಿಟಕಿಗಳಿಗೆಲ್ಲ ಪರದೆ. ಮೂಲೆಯ ಆರಾಮಕುರ್ಚಿಯಲ್ಲಿ ಎಂಬತ್ತನ್ನು ಮುಟ್ಟಿದ ನಮ್ಮ ತಂದೆಯವರು ಕಣ್ಣು ಮುಚ್ಚಿ ಒರಗಿದ್ದರು. ಅವರು ನಿದ್ರಿಸುತ್ತಿದ್ದಾರೆಂದೇ ನಾವು ತಿಳಿದಿದ್ದೆವು.

ಕಥೆ ಲೋಕಕ್ಕೆಲ್ಲ ಗೊತ್ತಿರುವ ಒಂದು ತಿಂಡಿಯಂಗಡಿಯದು. ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದ ಸ್ಯಾನ್ ಬರ್ನಾರ್ಡಿನೊ ಎಂಬ ಊರಿನಲ್ಲಿ 1940ರಲ್ಲಿ ರಿಚರ್ಡ್ ಮತ್ತು ಮಾರಿಸ್ ಮ್ಯಾಕ್‌ಡೊನಾಲ್ಡ್ ಎಂಬ ಅಣ್ಣತಮ್ಮಂದಿರು ಒಂದು ಉಪಾಹಾರಗೃಹವನ್ನು ತೆರೆದರು. ಬಂದವರು ಮೋಟಾರಿನಲ್ಲಿಯೇ ಕುಳಿತಿರುವುದು, ಹುಡುಗಿಯರು ತಟ್ಟೆಗಳನ್ನು ಹೊತ್ತು ಅವರ ಬಳಿಗೆ ಹೋಗುವುದು ಅಂದಿನ ರೂಢಿ. ವ್ಯಾಪಾರ ಚೆನ್ನಾಗಿಯೇ ನಡೆಯುತ್ತಿತ್ತು. ಆದರೂ 1948ರಲ್ಲಿ ಅವರು ಅಂಗಡಿಯನ್ನು ಕೆಲವು ತಿಂಗಳು ಮುಚ್ಚಿ, ಎಲ್ಲವನ್ನೂ ಮೊದಲಿನಿಂದ ಆಲೋಚಿಸಿದರು. ಹೆಚ್ಚು ಮಾರುವ ಕೆಲವೇ ತಿಂಡಿಗಳನ್ನು ಉಳಿಸಿಕೊಂಡು ಮಿಕ್ಕವನ್ನು ಬಿಟ್ಟರು. ತಟ್ಟೆ ಚಮಚೆಗಳನ್ನು ತೆಗೆದುಹಾಕಿ ಕಾಗದದಲ್ಲಿ ಸುತ್ತಿ ಕೊಡುವುದನ್ನು ತಂದರು. ಬಡಿಸುವ ಹುಡುಗಿಯರೂ ಬೇಡವಾದರು; ಗಿರಾಕಿಯೇ ಕಿಟಕಿಗೆ ಬಂದು ಕೊಳ್ಳಬೇಕು. ಒಂದು ಹ್ಯಾಂಬರ್ಗರಿಗೆ 15 ಸೆಂಟು.

ಚಿತ್ರದ ಅತ್ಯಂತ ಸೊಗಸಾದ ದೃಶ್ಯ ಇಲ್ಲಿಯೇ ಬರುತ್ತದೆ. ಅಣ್ಣತಮ್ಮಂದಿರು ಒಂದು ಟೆನಿಸ್ ಅಂಗಳದಲ್ಲಿ ಸೀಮೆಸುಣ್ಣದಿಂದ ಅಡಿಗೆಯ ಮನೆಯ ನಕ್ಷೆಯನ್ನು ಬರೆಯುತ್ತಾರೆ. ಇಲ್ಲಿ ಕಾವಲಿ, ಇಲ್ಲಿ ಎಣ್ಣೆಯ ಬಾಂಡಲೆ, ಇಲ್ಲಿ ಈರುಳ್ಳಿ. ಕೆಲಸದ ಹುಡುಗರು ಗೆರೆಗಳ ನಡುವೆ ನಿಂತು ಇಲ್ಲದ ಸಟ್ಟುಗವನ್ನು ಹಿಡಿದು ಇಲ್ಲದ ರೊಟ್ಟಿಯನ್ನು ಮಗುಚುತ್ತಾರೆ. ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರೆ ಗೆರೆಗಳನ್ನು ಅಳಿಸಿ ಮತ್ತೆ ಬರೆಯುತ್ತಾರೆ. ನೋಡುತ್ತಿದ್ದ ನನಗೆ ನಾಟಕದ ತಾಲೀಮು ನೆನಪಾಯಿತು. ರಾಘವರ ಊರಿನಲ್ಲಿ ಇರುವವನಿಗೆ ತಾಲೀಮಿನ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ. ಒಂದು ಕೆಲಸವನ್ನು ಪ್ರೀತಿಸುವವರು ಮಾತ್ರ ಅಷ್ಟು ಸಲ ಅಳಿಸಿ ಅಷ್ಟು ಸಲ ಬರೆಯಬಲ್ಲರು.

ಇವರ ಬಾಳಿನೊಳಕ್ಕೆ 1954ರಲ್ಲಿ ರೇ ಕ್ರಾಕ್ ಎಂಬವನು ಬರುತ್ತಾನೆ. ಆಗ ಅವನಿಗೆ 52 ವರ್ಷ. ಹಾಲಿನ ಪಾನೀಯವನ್ನು ಕಡೆಯುವ ಯಂತ್ರಗಳನ್ನು ಊರೂರಿಗೆ ಹೊತ್ತು ಮಾರುವುದು ಅವನ ವೃತ್ತಿ. ಒಂದೇ ಅಂಗಡಿಯವರು ಅಷ್ಟೊಂದು ಯಂತ್ರಗಳನ್ನು ಏಕೆ ಕೊಂಡರು ಎಂಬ ಕುತೂಹಲದಿಂದ ಬಂದವನು, ಕೇಳಿದ ಕ್ಷಣವೇ ಕೈಗೆ ಬಂದ ತಿಂಡಿಯ ಪೊಟ್ಟಣವನ್ನು ಹಿಡಿದು ಬೆಪ್ಪಾಗಿ ನಿಲ್ಲುತ್ತಾನೆ. ತಟ್ಟೆ ಎಲ್ಲಿ, ಕೂರುವುದೆಲ್ಲಿ ಎಂದು ಕೇಳುತ್ತಾನೆ. ಆ ಬೆಪ್ಪುತನದಲ್ಲಿಯೇ ಅವನ ಭಾಗ್ಯೋದಯ. ಅಣ್ಣತಮ್ಮಂದಿರಿಗೆ ಒಂದು ಅಂಗಡಿ ಕಂಡ ಕಡೆ ಅವನಿಗೆ ಒಂದು ಸಾವಿರ ಅಂಗಡಿಗಳು ಕಂಡವು. 1955ರಲ್ಲಿ ಇಲಿನಾಯ್ ಪ್ರಾಂತದ ಡೆಸ್ ಪ್ಲೇನ್ಸ್‌ನಲ್ಲಿ ತನ್ನ ಮೊದಲ ಅಂಗಡಿಯನ್ನು ತೆರೆದನು. ಆಮೇಲಿನದು ಓಟ. ಹೆಂಡತಿಗೆ ತಿಳಿಸದೆ ಮನೆಯನ್ನು ಒತ್ತೆಯಿಡುತ್ತಾನೆ; ಹಾಲಿನ ಬದಲು ಪುಡಿಯನ್ನು ಕಲಸೋಣವೆನ್ನುತ್ತಾನೆ; ಅಂಗಡಿಗಳ ಕೆಳಗಿನ ನೆಲವೇ ನಿಜವಾದ ಹಣವೆಂದು ಹ್ಯಾರಿ ಸೊನ್ನೆಬಾರ್ನ್ ಎಂಬ ಲೆಕ್ಕಿಗನಿಂದ ಕಲಿಯುತ್ತಾನೆ. ಕೊನೆಗೆ 1961ರಲ್ಲಿ 27 ಲಕ್ಷ ಡಾಲರುಗಳಿಗೆ ಎಲ್ಲವನ್ನೂ ಕೊಂಡುಕೊಳ್ಳುತ್ತಾನೆ. ಇದಲ್ಲದೆ ಲಾಭದಲ್ಲಿ ಒಂದು ಪಾಲನ್ನು ಕೊಡುವೆನೆಂದು ಬರಿಯ ಕೈಕುಲುಕಿನ ಮೇಲೆ ಮಾತಾಯಿತೆಂದೂ, ಅದು ನಡೆಯಲಿಲ್ಲವೆಂದೂ ಚಿತ್ರ ಹೇಳುತ್ತದೆ.

ಹಣದ ವಿಚಾರ ಹೇಗಾದರೂ ಇರಲಿ. ಎದೆಗೆ ನಾಟುವುದು ಬೇರೆಯೇ ಒಂದು ಸಂಗತಿ. ಮೊದಲಿನ ಆ ಒಂದು ಅಂಗಡಿ ಅಣ್ಣತಮ್ಮಂದಿರಲ್ಲಿಯೇ ಉಳಿಯಿತು. ಆದರೆ ಅದರ ಮೇಲೆ ತಮ್ಮ ಹೆಸರನ್ನು ಬರೆದುಕೊಳ್ಳುವ ಹಕ್ಕು ಅವರಿಗೆ ಉಳಿಯಲಿಲ್ಲ. ತಂದೆ ಇಟ್ಟ ಮನೆತನದ ಹೆಸರನ್ನು ಇಳಿಸಿ 'ಬಿಗ್ ಎಂ' ಎಂದು ಬರೆಸಿಕೊಂಡರು. ಕ್ರಾಕ್ ಅದರ ಸಮೀಪದಲ್ಲಿಯೇ ಮ್ಯಾಕ್‌ಡೊನಾಲ್ಡ್ಸ್ ಅಂಗಡಿಯೊಂದನ್ನು ತೆರೆದನು. ಕೆಲವು ವರ್ಷಗಳಲ್ಲಿ ಮೂಲದ ಅಂಗಡಿ ಮುಚ್ಚಿತು. ಆ ಹೆಸರು ಇಂದು 100ಕ್ಕೂ ಹೆಚ್ಚು ದೇಶಗಳಲ್ಲಿ 40,000ಕ್ಕೂ ಮೀರಿದ ಅಂಗಡಿಗಳ ಮೇಲೆ ಹೊಳೆಯುತ್ತಿದೆ. 1996ರಲ್ಲಿ ದೆಹಲಿಗೂ ಬಂದಿತು. ಚಿತ್ರದ ಕೊನೆಯಲ್ಲಿ ಕ್ರಾಕ್ ತನಗೆ ಬೇಕಾಗಿದ್ದುದು ಅಡಿಗೆಯ ವಿಧಾನವಲ್ಲ, ಆ ಹೆಸರು ಎಂದು ಒಪ್ಪಿಕೊಳ್ಳುತ್ತಾನೆ. ವಿಧಾನವನ್ನು ಯಾರಾದರೂ ನೋಡಿ ಕಲಿಯಬಹುದು. ಕೇಳಿದೊಡನೆ ನಂಬಿಕೆ ಹುಟ್ಟಿಸುವ ಹೆಸರನ್ನು ಕಲಿಯುವುದು ಸಾಧ್ಯವಿಲ್ಲ.

ಕ್ರಾಕನ ಪಾತ್ರವನ್ನು ವಹಿಸಿದ ಮೈಕೆಲ್ ಕೀಟನ್‌ನ ಅಭಿನಯ ಮೆಚ್ಚತಕ್ಕದ್ದು. ಬಾಗಿಲು ಬಾಗಿಲಿಗೆ ಹೋಗಿ ಬರಿಗೈಯಲ್ಲಿ ಹಿಂತಿರುಗುವ ನಡುವಯಸ್ಸಿನ ಮನುಷ್ಯನನ್ನು ಕಂಡು ಮೊದಲು ನಮಗೆ ಮರುಕ ಹುಟ್ಟುತ್ತದೆ. ಇವನು ಗೆಲ್ಲಲಿ ಎಂದು ಹಾರೈಸುತ್ತೇವೆ. ಗೆಲ್ಲುತ್ತ ಹೋದಂತೆ ನಮ್ಮ ಹಾರೈಕೆಗೆ ನಾವೇ ನಾಚಿಕೊಳ್ಳುವಂತಾಗುತ್ತದೆ. ಇದು ನಮ್ಮ ಸಾಹಿತ್ಯವನ್ನು ಓದಿದವರಿಗೆ ತೀರ ಅಪರಿಚಿತವಾದ ಅನುಭವವೇನೂ ಅಲ್ಲ. ರನ್ನನ ದುರ್ಯೋಧನನ ಮುಂದೆ ನಾವು ಇಂಥದೇ ಇಕ್ಕಟ್ಟಿಗೆ ಸಿಕ್ಕಿಕೊಳ್ಳುತ್ತೇವೆ; ಅಲ್ಲಿ ತಿರಸ್ಕಾರದಿಂದ ಹೊರಟು ಮರುಕವನ್ನು ಮುಟ್ಟುತ್ತೇವೆ, ಇಲ್ಲಿ ಮರುಕದಿಂದ ಹೊರಟು ತಿರಸ್ಕಾರವನ್ನು.

ಚಿತ್ರ ಮುಗಿದೊಡನೆ ವಿದ್ಯಾರ್ಥಿಗಳಲ್ಲಿ ವಾದ ಹುಟ್ಟಿತು. ಕ್ರಾಕ್ ಕಳ್ಳನೆಂದು ಕೆಲವರು. ಅವನಿಲ್ಲದಿದ್ದರೆ ಆ ಅಂಗಡಿಯ ಹೆಸರನ್ನು ಪಕ್ಕದ ಊರಿನವರೂ ಕೇಳುತ್ತಿರಲಿಲ್ಲವೆಂದು ಕೆಲವರು. ಸಿರುಗುಪ್ಪದ ಹುಡುಗನೊಬ್ಬ, 'ನಮ್ಮ ಕಡೆ ಇಂಥ ಕಥಿ ಇಲ್ಲೇನ್ರಿ ಸರ್?' ಎಂದು ಕೇಳಿದನು. ಅವನ ಅಣ್ಣ ಒಂದು ಹೋಟೆಲಿನಲ್ಲಿ ಟೋಕನ್ ಕೊಡುವ ಕೆಲಸದಲ್ಲಿದ್ದಾನೆ. ಅವನ ಪ್ರಶ್ನೆಗೆ ಉತ್ತರವಾಗಿ ಅಂದು ನಾನು ಹೇಳಿದ್ದನ್ನೂ, ಹೇಳಲು ತೋಚದೆ ಹೋದುದನ್ನೂ ಇಲ್ಲಿ ಬರೆಯುತ್ತಿದ್ದೇನೆ.

\*

ನಮ್ಮಲ್ಲಿ ಇಂಥ ಕಥೆ ಇಲ್ಲದೆ ಏನು? ನಾಡಿನ ಒಳಗೂ ಹೊರಗೂ ಕನ್ನಡಿಗರ ಹೆಸರನ್ನು ಬಾಯಿಗೆ ಮುಟ್ಟಿಸಿದವರಲ್ಲಿ ಹೋಟೆಲಿನವರು ಮೊದಲಿಗರು. ದಕ್ಷಿಣ ಕನ್ನಡದಲ್ಲಿ ನೆಲ ಕಡಿಮೆ, ಮಕ್ಕಳು ಹೆಚ್ಚು. ಹತ್ತು ಹನ್ನೆರಡರ ಹುಡುಗರು ಘಟ್ಟ ಹತ್ತಿ ಹೊರಟರು. ಅವರಲ್ಲೊಬ್ಬರು ಕಡಂದಲೆಯ ಕೃಷ್ಣರಾಯರು. ಅಡಿಗೆಯ ಮನೆಯ ಚಾಕರಿಯಿಂದ ಮೇಲೆ ಬಂದು 1938ರಲ್ಲಿ ಮದ್ರಾಸಿನ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ತೆರೆದರು. 1942ರಲ್ಲಿ ಎ. ರಾಮನಾಯಕರು ಮುಂಬಯಿಯ ಮಾಟುಂಗದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ಸ್ಥಾಪಿಸಿದರು. ಇಲ್ಲೊಂದು ವಿನೋದವಿದೆ. ಮೋಟಾರಿನಲ್ಲಿ ಕುಳಿತೇ ತಿನ್ನುವ ಪದ್ಧತಿಯನ್ನು ಮ್ಯಾಕ್‌ಡೊನಾಲ್ಡ್ ಸೋದರರು 1948ರಲ್ಲಿ ಕೈಬಿಟ್ಟರಷ್ಟೆ. ವುಡ್‌ಲ್ಯಾಂಡ್ಸ್‌ನವರು 1962ರಲ್ಲಿ ಅದೇ ಪದ್ಧತಿಯ ಹೋಟೆಲನ್ನು ಮದ್ರಾಸಿನ ಒಂದು ತೋಟದಲ್ಲಿ ಆರಂಭಿಸಿದರು. ಅಲ್ಲಿ ಅವಸರಕ್ಕೆ ತೊಡಕಾಗಿದ್ದುದು ಇಲ್ಲಿ ವಿರಾಮಕ್ಕೆ ಆಸರೆಯಾಯಿತು. ಒಂದು ಕಾಫಿಯ ಮುಂದೆ ಗಂಟೆಗಟ್ಟಲೆ ಹರಟುವವರಿಗೆಲ್ಲ ಮರದ ನೆರಳು ಒದಗಿತು. 2008ರಲ್ಲಿ ಅದು ಮುಚ್ಚಿದಾಗ ಆ ಊರಿನವರು ಬಂಧುವನ್ನು ಕಳೆದುಕೊಂಡಂತೆ ಮರುಗಿದರು.

ಇನ್ನು ಬೆಂಗಳೂರಿನ ಮಯ್ಯರ ಕಥೆ. ಅದೂ ಅಣ್ಣತಮ್ಮಂದಿರ ಕಥೆಯೇ. 1924ರಲ್ಲಿ ಲಾಲ್‌ಬಾಗ್ ಕೋಟೆ ರಸ್ತೆಯಲ್ಲಿ ಆರಂಭವಾದ ಚಿಕ್ಕ ಅಂಗಡಿ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪನ್ನು ಸುತ್ತಿಬಂದು, ಅಲ್ಲಿ ಕಂಡ ಶುಚಿತ್ವವನ್ನು ತಮ್ಮ ಅಡಿಗೆಯ ಮನೆಗೆ ತಂದರು. ಪಾತ್ರೆಗಳನ್ನು ಹಬೆಯಲ್ಲಿ ಬೇಯಿಸಿ ತೊಳೆಯಿಸಿದರು. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿ ದುರ್ಲಭವಾದಾಗ ರವೆಯ ಇಡ್ಲಿ ಹುಟ್ಟಿದುದು ಅವರಲ್ಲಿಯೇ ಎಂದು ಪ್ರಸಿದ್ಧಿ. ತುರ್ತುಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ತಿಂಡಿಯ ಬೆಲೆಯನ್ನು ಕಟ್ಟಿಹಾಕಿತು. ರುಚಿಯನ್ನು ಕೆಡಿಸಿ ಬೆಲೆಗೆ ಹೊಂದಿಸಲು ಒಪ್ಪದೆ ಅವರು ಹೋಟೆಲನ್ನು ಕೆಲಕಾಲ ಮುಚ್ಚಿದರು. ಕೆಲಸದವರ ಕೈಗೆ ಕೆಲಸವಿರಲೆಂದು ತಿಂಡಿಯ ಪುಡಿಗಳನ್ನು ಪೊಟ್ಟಣ ಕಟ್ಟಿ ಮಾರತೊಡಗಿದರು. ಆ ಪೊಟ್ಟಣದ ಉದ್ಯಮ 2007ರಲ್ಲಿ ನಾರ್ವೆ ದೇಶದ ಓರ್ಕ್ಲಾ ಕಂಪೆನಿಗೆ ಮಾರಾಟವಾಯಿತು. ಹೋಟೆಲು ಮನೆತನದವರಲ್ಲಿಯೇ ಉಳಿಯಿತು. ಒಂದೇ ಹೆಸರು ಈಗ ಎರಡು ಒಡೆತನಗಳಲ್ಲಿ ಬಾಳುತ್ತಿದೆ. ಪೊಟ್ಟಣದ ಮೇಲೂ ಅದೇ ಮೂರು ಅಕ್ಷರ, ಬಾಗಿಲಿನ ಮೇಲೂ ಅದೇ ಮೂರು ಅಕ್ಷರ. ಸ್ಯಾನ್ ಬರ್ನಾರ್ಡಿನೊದಲ್ಲಿ ಒಲೆ ಉಳಿದು ಹೆಸರು ಹೋಯಿತು. ಇಲ್ಲಿ ಉದ್ಯಮದ ಒಂದು ಕವಲು ಹೋದರೂ ಒಲೆಯೂ ಹೆಸರೂ ಒಂದೇ ಸೂರಿನ ಕೆಳಗೆ ಉಳಿದವು. ಎರಡೂ ಮಾರಾಟಗಳೇ, ಆದರೆ ಮಾರಾಟಕ್ಕೂ ಮಾರಾಟಕ್ಕೂ ಎಷ್ಟು ಅಂತರ!

ನಿಂತುಕೊಂಡು ತಿನ್ನುವ ನಮ್ಮ 'ದರ್ಶಿನಿ'ಗಳು ಇನ್ನೂ ಈಚಿನವು. ಆರ್. ಪ್ರಭಾಕರ್ ಎಂಬವರು 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಕೆಫೆ ದರ್ಶಿನಿಯನ್ನು ತೆರೆದರು. ಮೊದಲೇ ಹಣ ಕೊಟ್ಟು ಟೋಕನ್ ಪಡೆಯುವುದು, ಕಣ್ಣೆದುರಿನಲ್ಲಿಯೇ ದೋಸೆ ಹುಯ್ಯುವುದು, ಎದೆಯೆತ್ತರದ ಕಲ್ಲಿನ ಕಟ್ಟೆಗೆ ತಟ್ಟೆಯನ್ನಿಟ್ಟು ತಿಂದು ಹೊರಡುವುದು. ಇದು ನಮ್ಮ ಟೆನಿಸ್ ಅಂಗಳ ಎನ್ನಬಹುದು. ಆದರೆ ಮುಂದೆ ನಡೆದುದು ಬೇರೆ. ವರ್ಷಗಳು ಕಳೆದಂತೆ ಬೀದಿಬೀದಿಯಲ್ಲಿ ದರ್ಶಿನಿಗಳೆದ್ದವು. ಒಂದಕ್ಕೂ ಮತ್ತೊಂದಕ್ಕೂ ಒಡೆತನದ ಸಂಬಂಧವಿಲ್ಲ. ಅಂಕಿತನಾಮವಾಗಿ ಹುಟ್ಟಿದ ಶಬ್ದ ರೂಢನಾಮವಾಗಿ ಹೋಯಿತು. ವ್ಯಾಕರಣದಲ್ಲಿ ಇಂಥ ಸ್ಥಿತ್ಯಂತರವನ್ನು ನಾವು ಪಾಠವಾಗಿ ಹೇಳುತ್ತೇವೆ. ವ್ಯಾಪಾರದಲ್ಲಿ ಇದನ್ನು ನಷ್ಟವೆನ್ನುತ್ತಾರೆ.

ಹೀಗೆ ನೋಡಿದರೆ 'ಉಡುಪಿ' ಎಂಬ ಹೆಸರಿನ ಕಥೆ ಇನ್ನೂ ಸ್ವಾರಸ್ಯವಾದದ್ದು. ನಮ್ಮ ವಚನಕಾರರೂ ದಾಸರೂ ತಮ್ಮ ರಚನೆಯ ಕೊನೆಗೆ ತಮ್ಮ ಹೆಸರನ್ನು ಹಾಕಲಿಲ್ಲ. ಕೂಡಲಸಂಗಮದೇವ ಎಂದರು, ಗುಹೇಶ್ವರ ಎಂದರು, ಕಾಗಿನೆಲೆಯಾದಿಕೇಶವ ಎಂದರು. ಮಾಡಿದವನು ಹಿಂದೆ ಸರಿದು ತಾನು ನೆಚ್ಚಿದುದನ್ನು ಮುಂದಿಟ್ಟನು. ಘಟ್ಟ ಹತ್ತಿ ಹೋದ ಹೋಟೆಲಿನವನೂ ಒಂದು ರೀತಿಯಲ್ಲಿ ಅದನ್ನೇ ಮಾಡಿದನು. ತನ್ನ ಹೆಸರನ್ನು ಯಾರೂ ಅರಿಯದ ಊರಿನಲ್ಲಿ, ತನ್ನ ನಾಡಿನ ಕ್ಷೇತ್ರದ ಹೆಸರನ್ನೇ ಹಲಗೆಯ ಮೇಲೆ ಅಂಕಿತವಾಗಿ ಬರೆಸಿದನು. ಅದು ಯಾರದೂ ಅಲ್ಲ, ಆದುದರಿಂದ ಎಲ್ಲರದೂ ಆಯಿತು. ಅದನ್ನು ಯಾವ ಕ್ರಾಕನೂ ಕೊಂಡುಕೊಳ್ಳಲಾರ. ಇಡ್ಲಿಯನ್ನಾಗಲಿ ದೋಸೆಯನ್ನಾಗಲಿ ಮೊದಲು ಮಾಡಿದವರಾರು? ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿ 'ಇಡ್ಡಲಿಗೆ'ಯ ಹೆಸರಿದೆ; ಅದನ್ನು ಬೇಯಿಸಿದ ಕೈಯ ಹೆಸರಿಲ್ಲ.

ಹೀಗೆಂದು ನಾನು ವಿದ್ಯಾರ್ಥಿಗಳ ಮುಂದೆ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಅವರೋ ಈ ಕಾಲದವರು; ಅಷ್ಟಕ್ಕೆ ಒಪ್ಪಲಿಲ್ಲ. ಯಾರೂ ಕಾಯದ ಹೆಸರಿನ ಅಡಿಯಲ್ಲಿ ಹಳಸಿದ ಸಾಂಬಾರನ್ನೂ ಮಾರಬಹುದಲ್ಲ ಎಂದು ಒಬ್ಬಳು ಕೇಳಿದಳು. ಆ ಹಲಗೆಗಳ ಮೇಲೆ ಉಡುಪಿಯ ಹೆಸರಷ್ಟೇ ಇತ್ತೇ, ಜಾತಿಯ ಹೆಸರೂ ಇರಲಿಲ್ಲವೇ ಎಂದು ಕುರುಗೋಡಿನ ಇನ್ನೊಬ್ಬ ಕೇಳಿದನು. ಎರಡೂ ಸರಿಯಾದ ಪ್ರಶ್ನೆಗಳು. ಮಯ್ಯರ ಅಂಗಡಿಯೂ ಮೊದಲು ಬ್ರಾಹ್ಮಣರ ಕಾಫಿ ಕ್ಲಬ್ಬೆಂದೇ ಹುಟ್ಟಿತು. ಎಲ್ಲರ ಹಸಿವಿಗೆ ಬಾಗಿಲು ತೆರೆದ ಹೋಟೆಲುಗಳು ಎಲ್ಲರಿಗೂ ಒಂದೇ ಪಂಕ್ತಿಯನ್ನು ಹಾಕಿರಲಿಲ್ಲ. ಸಾರ್ವಜನಿಕ ಉಪಾಹಾರಗೃಹಗಳಿಗೆ ಹೋಗಲು ಜಾತಿ ಮತಗಳು ಅಡ್ಡಿಯಾಗಬಾರದೆಂದು ನಮ್ಮ ಸಂವಿಧಾನದ 15ನೆಯ ವಿಧಿಯಲ್ಲಿ ಬರೆಯಬೇಕಾಗಿ ಬಂದುದೇ ಅದಕ್ಕೆ ಸಾಕ್ಷಿ. ದರ್ಶಿನಿಯ ಕಲ್ಲಿನ ಕಟ್ಟೆಯ ಮುಂದೆ ಜವಾನನೂ ಅಧಿಕಾರಿಯೂ ಒಟ್ಟಿಗೆ ನಿಂತು ತಿನ್ನುವುದು ಇಂದು ನಮಗೆ ಸಾಮಾನ್ಯವಾಗಿ ಕಾಣಬಹುದು; ಅದು ಸಾಮಾನ್ಯವಾಗಲು ಒಂದು ಸಂವಿಧಾನವೇ ಬೇಕಾಯಿತು.

\*

ಇಷ್ಟು ಹೊತ್ತಿಗೆ ಆರಾಮಕುರ್ಚಿ ಕಿರುಗುಟ್ಟಿತು. ತಂದೆಯವರು ಎದ್ದು ಕುಳಿತರು. 'ಆ ಅಣ್ಣತಮ್ಮಂದಿರಿಗೆ ಮಕ್ಕಳಿರಲಿಲ್ಲವೋ?' ಎಂದು ಕೇಳಿದರು. ನಿದ್ರೆ ಮಾಡಿರಲಿಲ್ಲವೆಂದು ಆಗ ತಿಳಿಯಿತು.

ಅವರ ಕಥೆಯನ್ನು ನಾನು ವಿದ್ಯಾರ್ಥಿಗಳಿಗೆ ಎಂದೂ ಹೇಳಿದವನಲ್ಲ. ಕುಂದಾಪುರದ ಕಡೆಯ ಹಳ್ಳಿಯಿಂದ 1958ರಲ್ಲಿ, ಹದಿಮೂರರ ಹುಡುಗನಾಗಿ, ಅವರು ಬಳ್ಳಾರಿಗೆ ಬಂದರು. ಬಳ್ಳಾರಿ ಮೈಸೂರು ಸಂಸ್ಥಾನವನ್ನು ಸೇರಿ ಆಗ ಐದು ವರ್ಷ; ಅವರ ಊರು ಸೇರಿ ಎರಡು ವರ್ಷ. ಅದಕ್ಕೆ ಮೊದಲು ಎರಡೂ ಮದ್ರಾಸು ಪ್ರಾಂತದವೇ ಆಗಿದ್ದುದರಿಂದ ಹೋಟೆಲಿನವರಿಗೆ ಈ ದಾರಿ ಹಳೆಯ ಪರಿಚಯ. ಒಂದು ಹೋಟೆಲಿನಲ್ಲಿ ಲೋಟ ತೊಳೆಯುವ ಮಾಣಿಯಾಗಿ ಸೇರಿದರು. ರುಬ್ಬುವ ಕಲ್ಲಿಗೆ ಬಡ್ತಿಯಾಯಿತು, ಅಲ್ಲಿಂದ ಕಾವಲಿಗೆ. ಕರಾವಳಿಯ ತೆಂಗಿನಕಾಯಿಯ ಚಟ್ನಿ ಈ ಸೀಮೆಯವರ ನಾಲಗೆಗೆ ಸಪ್ಪೆಯೆಂದು ಕಂಡು, ಹುರಿದ ಕೆಂಪು ಮೆಣಸಿನಕಾಯಿ, ಪುಟಾಣಿ, ಚೂರು ಹುಣಿಸೆಹಣ್ಣು ಸೇರಿಸಿ ಅವರೊಂದು ಕೆಂಪು ಚಟ್ನಿಯನ್ನು ಮಾಡಿದರು. ಎಷ್ಟು ಹುರಿಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಅವರ ಕೈಗೆ ಮಾತ್ರ ಗೊತ್ತಿತ್ತು. ಬೆಳಗಾಗುವ ಮೊದಲೇ ಜನ ಬಾಗಿಲಲ್ಲಿ ನಿಲ್ಲತೊಡಗಿದರು. ಒಂದು ದಿನ ಯಜಮಾನರು ಗುಮಾಸ್ತನನ್ನು ಕೂರಿಸಿ, ಇವರಿಂದ ಹೇಳಿಸಿ, ಅಳತೆಯನ್ನೆಲ್ಲ ಬರೆಯಿಸಿಕೊಂಡರು. ಇವರಿಗೆ ಒಂದು ಜೊತೆ ಪಂಚೆಯೂ ಒಂದು ತಿಂಗಳ ಹೆಚ್ಚಿನ ಸಂಬಳವೂ ದೊರೆಯಿತು. ಮುಂದೆ ಎರಡು ಹೊಸ ಹೋಟೆಲುಗಳು ಎದ್ದವು. ಹಲಗೆಯ ಮೇಲೆ ಚಟ್ನಿಯ ಹೊಗಳಿಕೆ ಯಜಮಾನರ ಹೆಸರಿನಲ್ಲಿ ಬಂದಿತು. ಆ ಹೋಟೆಲು ಈಗಿಲ್ಲ. ಯಜಮಾನರು ಕೆಟ್ಟವರೂ ಆಗಿರಲಿಲ್ಲ. ನನ್ನ ಶಾಲೆಯ ಶುಲ್ಕಕ್ಕೆ ಎರಡು ಬಾರಿ ಸಾಲ ಕೊಟ್ಟವರು ಅವರೇ. ಆದರೂ ಹರೆಯದಲ್ಲಿ ನನಗೆ ಅದರ ಮೇಲೆ ಸಿಟ್ಟಿತ್ತು. ಎಂ.ಎ. ಓದುವಾಗ, ಕವಿಗಳ ಕರ್ತೃತ್ವದ ಚರ್ಚೆ ಬಂದಾಗಲೆಲ್ಲ, ಆ ಹಲಗೆಯೇ ನನ್ನ ಕಣ್ಣ ಮುಂದೆ ಬರುತ್ತಿತ್ತು.

ಅಂದು ವಿದ್ಯಾರ್ಥಿಗಳೆದುರಿಗೆ ಧೈರ್ಯ ಮಾಡಿ ಕೇಳಿದೆ: 'ಅಪ್ಪಾ, ನಿಮಗೆ ಬೇಸರವಾಗಲಿಲ್ಲವೇ?'

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. 'ಚಟ್ನಿ ಕೊಟ್ಟದ್ದಕ್ಕೆ ಬೇಸರವಿಲ್ಲ ಮಾರಾಯ. ನಾನು ಕಲಿತದ್ದೂ ಇನ್ನೊಬ್ಬರು ಅರೆಯುವುದನ್ನು ನೋಡಿಯೇ. ಹೋಟೆಲು ನಡೆಸುವ ಎದೆ ನನಗಿರಲಿಲ್ಲ, ಅವರಿಗಿತ್ತು. ಮೂವತ್ತು ವರ್ಷ ಒಳಗಿದ್ದೆ. ಒಂದು ದಿನವಾದರೂ ಯಾರಾದರೊಬ್ಬರು ಒಳಗೆ ಇಣುಕಿ, ಇದನ್ನು ಮಾಡಿದ್ದು ಯಾರು ಅಂತ ಕೇಳಿದ್ದರೆ ಸಾಕಿತ್ತು' ಎಂದರು. ಬಳಿಕ ಕಾಫಿ ಮಾಡುತ್ತೇನೆಂದು ಒಳಗೆ ಹೋದರು.

ನನ್ನ ವಚನದ ಅಂಕಿತದ ಮಾತೆಲ್ಲ ಆ ಒಂದು ವಾಕ್ಯದ ಮುಂದೆ ತೆಳುವಾಗಿ ಕಂಡಿತು. ವಚನಕಾರನು ತನ್ನ ಹೆಸರನ್ನು ತಾನೇ ಹಿಂದಿಟ್ಟನು. ಅಡಿಗೆಯ ಮನೆಯವನ ಹೆಸರನ್ನು ಬೇರೆಯವರು ಹಿಂದಿಟ್ಟರು. ಮೊದಲನೆಯದು ತ್ಯಾಗ, ಎರಡನೆಯದಕ್ಕೆ ಆ ಹೆಸರು ಒಪ್ಪುವುದಿಲ್ಲ. 'ದಿ ಫೌಂಡರ್' ಚಿತ್ರದ ನೋವೂ ಇದೇ. ಸೋದರರು ಹೆಸರನ್ನು ಬಿಟ್ಟುಕೊಟ್ಟರೆನ್ನುವುದು ಕಾಗದದ ಮಾತು. ಕಾಗದದಲ್ಲಿ ಅವರಿಗೆ ಬೆಲೆ ಸಂದಿದೆ. ಸಲ್ಲದೆ ಉಳಿದುದು 'ಇದನ್ನು ಮಾಡಿದವರು ಇವರು' ಎಂಬ ಒಂದು ಮಾತು. ಕ್ರಾಕ್ ತಾನು ಹರಡಿದವನೆಂದು ಹೇಳಿಕೊಂಡಿದ್ದರೆ ಲೋಕ ಅವನನ್ನು ಕಡಿಮೆ ಮೆಚ್ಚುತ್ತಿರಲಿಲ್ಲ. ಸ್ಥಾಪಿಸಿದವನೂ ತಾನೇ ಎನ್ನುವ ಆಸೆ ಅವನನ್ನು ಚಿಕ್ಕವನನ್ನಾಗಿ ಮಾಡಿತು. ಬಡಿಸುವವರು ಬೇಕು, ನಿಜ. ಆದರೆ ಬಡಿಸುವ ಕೈ ಒಮ್ಮೆಯಾದರೂ ಒಳಗಿನ ಒಲೆಯ ಕಡೆಗೆ ತೋರಿಸಬೇಕು.

ಆ ಸಂಜೆ ವಿದ್ಯಾರ್ಥಿಗಳನ್ನು ಕಳುಹಿಸಲು ಹೋದವನು ನಮ್ಮ ಬೀದಿಯ ಕೊನೆಯ ಹೋಟೆಲಿಗೆ ಅವರನ್ನು ಕರೆದೊಯ್ದೆ. ಒಗ್ಗರಣೆ ಮಂಡಕ್ಕಿ, ಬಿಸಿಬಿಸಿ ಮಿರ್ಚಿ. ತಿಂದು ಕೈ ತೊಳೆದು, ಗಲ್ಲಾದ ಬಳಿ ಹಣ ಕೊಟ್ಟು, ಅಡಿಗೆಯ ಮನೆಯ ಬಾಗಿಲಲ್ಲಿ ನಿಂತು ಇಣುಕಿದೆ. ಬಾಂಡಲೆಯ ಮುಂದೆ ಬೆವರಿನಲ್ಲಿ ತೊಯ್ದ ಬನಿಯನ್ನಿನ ಒಬ್ಬ ತರುಣನಿದ್ದನು. 'ಮಿರ್ಚಿ ಮಾಡಿದವರು ತಾವೇನು? ಹೆಸರೇನು?' ಎಂದು ಕೇಳಿದೆ. ಅವನ ಮುಖ ಕಳೆಗುಂದಿತು. ಜಾಲರಿಯನ್ನು ಕೆಳಗಿಟ್ಟು ಕೈ ಒರಸಿಕೊಳ್ಳುತ್ತ ಕೇಳಿದನು:

'ಯಾಕ್ರಿ ಸರ್, ಉಪ್ಪು ಜಾಸ್ತಿ ಆಗೇತೇನ್ರಿ?'